ಕುಡಿಯದೆ ತೂರಾಡುವ ಕಡ್ಡಿ ಅಣ್ಣ

ಇನ್ನೂ ಬೀದಿದೀಪ ಆರಿಲ್ಲ. ಸೈಕಲ್ ಅಂಗಡಿಯ ಬಾಗಿಲು ಅರ್ಧ ಎತ್ತಿ, ಕಡ್ಡಿ ಅಣ್ಣ ಒಳಗಿನ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಹಳೆಯ ಟ್ಯೂಬೊಂದನ್ನು ಕಂಬಕ್ಕೂ ಸೊಂಟಕ್ಕೂ ಸುತ್ತಿ ಮುಂದೆ ಗಂಟು ಹಾಕಿಕೊಳ್ಳುತ್ತಾರೆ. ಸೊಟ್ಟಗಾದ ಚಕ್ರವನ್ನು ತಿರುಗಿಸಿ ಪಕ್ಕದಲ್ಲಿ ಸೀಮೆಸುಣ್ಣ ಹಿಡಿಯುತ್ತಾರೆ. ಸುಣ್ಣ ತಾಗಿದ ಕಡೆ ಡೊಂಕು. ಅಲ್ಲಿನ ಕಡ್ಡಿಗಳಲ್ಲಿ ಕೆಲವನ್ನು ಬಿಗಿದು, ಕೆಲವನ್ನು ಸಡಿಲಿಸಿ, ಮತ್ತೆ ತಿರುಗಿಸುತ್ತಾರೆ. ಹೆಸರು ಬಂದದ್ದು ಈ ಕೆಲಸದಿಂದ. ಮೈಕಟ್ಟೂ ಅದಕ್ಕೆ ತಕ್ಕಂತೆಯೇ ಇದೆ ಬಿಡಿ.

“ಟ್ಯೂಬ್ ಬಿಚ್ಚಿದ್ರೆ ಚಕ್ರಕ್ಕಿಂತ ಮೊದ್ಲು ನಾನೇ ಉರುಳ್ತೀನಿ,” ಎಂದು ನಗುತ್ತಾರೆ. ಮಾತು ತೊದಲುತ್ತದೆ, ತಾಳ್ಮೆಯಿಂದ ಕೇಳಬೇಕು.

ನಾಲ್ಕು ವರ್ಷದ ಹಿಂದೆ ಬಂದ ಮಿದುಳು ಜ್ವರ ಅವರನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿತು. ಜೀವ ಉಳಿಯಿತು, ಕೈ ಉಳಿಯಿತು. ನಡಿಗೆಯ ಹಿಡಿತ ಹೋಯಿತು, ನಾಲಿಗೆ ದಪ್ಪವಾಯಿತು. ಅದಕ್ಕೂ ಮುಂಚೆ ಅವರು ಮಹಾ ಕುಡುಕ. ಗಂಟಲ ಮಟ್ಟ ಏರಿಸಿದರೂ ನೆಟ್ಟಗೆ ನಡೆಯುತ್ತಿದ್ದರಂತೆ. ಅದಕ್ಕೇ ಹೆಂಡತಿ ಬಾಗಿಲಿಗೆ ಅಡ್ಡ ನಿಂತು “ಊದಿ” ಅನ್ನುತ್ತಿದ್ದರು. ವಾಸನೆ ಬಂದರೆ ಅವತ್ತು ಮೆಟ್ಟಿಲೇ ಹಾಸಿಗೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ತೊಟ್ಟೂ ಮುಟ್ಟಿಲ್ಲ. ಆದರೆ ಎಂಥಾ ವಿಚಿತ್ರ ನೋಡಿ! ಕುಡಿದು ನೆಟ್ಟಗಿದ್ದವರು ಬಿಟ್ಟ ಮೇಲೆ ತೂರಾಡುತ್ತಾರೆ. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ, ಎದುರು ಬಂದವರು ಮೂಗು ಮುರಿದು ಪಕ್ಕಕ್ಕೆ ಸರಿಯುತ್ತಾರೆ. ಹೆಂಡತಿ ಈಗಲೂ “ಊದಿ” ಅನ್ನುತ್ತಾರೆ.

“ಹೇಗೂ ಕುಡುಕ ಅಂತಾರೆ, ಕುಡಿದೇ ಬಿಡೋಣ ಅನ್ಸುತ್ತೆ ಸಾರ್. ಸುಳ್ಳು ಯಾಕೆ ಹೇಳ್ಲಿ? ನಿನ್ನೆ ಕೂಡ ಅನ್ಸಿತ್ತು.”

ಆಗೇನು ಮಾಡುತ್ತೀರಿ?

“ಗಂಟು ಹಿಂದೆ ಹಾಕಿ ಅಂತ ಅಂಗಡಿ ಯಜಮಾನರಿಗೆ ಹೇಳ್ತೀನಿ. ನನ್ನ ಕೈಗೆ ಎಟುಕಲ್ಲ. ಅವರು ಬಿಚ್ಚೋ ಹೊತ್ತಿಗೆ ಆಸೆ ಇಳಿದಿರುತ್ತೆ.”

ಅಬ್ಬಾ, ಎಂಥಾ ಗಟ್ಟಿ ಜೀವ! ಅಂಗಡಿ ಯಜಮಾನರೂ ದನಿಗೂಡಿಸುತ್ತಾರೆ: “ಮೊದ್ಲು ಇವ್ನು ಬರ್ತಾನೋ ಇಲ್ವೋ ಅಂತ ದಾರಿ ಕಾಯ್ತಿದ್ದೆ. ಈಗ ನಾನು ತಡವಾಗಿ ಬಂದ್ರೆ ಇವ್ನೇ ಗದರಿಸ್ತಾನೆ.” ದಿನಕ್ಕೆ ಏಳೆಂಟು ಚಕ್ರ ಈ ಕೈಯಲ್ಲಿ ನೆಟ್ಟಗಾಗುತ್ತವೆ.

ಇನ್ನೇನು ಬೇಕು ಎಂದು ಕೇಳಿದರೆ ಕಡ್ಡಿ ಅಣ್ಣ ಚಕ್ರ ನಿಲ್ಲಿಸುತ್ತಾರೆ. “ಒಂದಿನ ಅವಳು ಊದಿ ಅನ್ನದೆ ಒಳಗೆ ಕರೀಬೇಕು. ಅವಳ ತಪ್ಪೇನಿಲ್ಲ ಸಾರ್, ನಾನು ಹೇಳಿದ ಸುಳ್ಳು ಒಂದಾ ಎರಡಾ?”

ಮಧ್ಯಾಹ್ನ ಊಟಕ್ಕೆ ಹೊರಟವರ ಜೊತೆ ನಾನೂ ಹೋಗುತ್ತೇನೆ. ಗೋಡೆ ಹಿಡಿದು ಹಿಡಿದು ಮನೆ ಮುಟ್ಟುತ್ತಾರೆ, ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಬೀಳುತ್ತಾರೆ. “ಹಾಡಹಗಲೇ ಶುರುವಾಯ್ತು,” ಎಂದು ಎದುರುಮನೆಯಾಕೆ ಲೊಚಗುಟ್ಟುತ್ತಾರೆ. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬರುತ್ತಾರೆ. ಬಿದ್ದಲ್ಲಿಂದಲೇ ಕಡ್ಡಿ ಅಣ್ಣ ಊದಲು ಬಾಯಿ ತೆರೆಯುತ್ತಾರೆ.

“ಬಾಯಿ ಮುಚ್ರೀ. ಮಂಡಿಗೆ ಪೆಟ್ಟಾಯ್ತಾ? ತೋರಿಸಿ ಇಲ್ಲಿ.” ಆಮೇಲೆ ಎದುರುಮನೆಯತ್ತ ತಿರುಗುತ್ತಾರೆ: “ಕಾಯಿಲೆ ಕಣ್ರೀ ಅದು. ಇವರು ಕುಡಿಯಲ್ಲ.”

ಮಂಡಿ ತರಚಿ ರಕ್ತ ಜಿನುಗುತ್ತಿದೆ. ಕಡ್ಡಿ ಅಣ್ಣನಿಗೆ ಅದರ ಪರಿವೆಯೇ ಇಲ್ಲ. ನನ್ನ ತೋಳು ಹಿಡಿದು ಜಗ್ಗುತ್ತಾರೆ.

“ಕೇಳಿಸ್ಕೊಂಡ್ರಾ ಸಾರ್? ಊದಿ ಅನ್ಲಿಲ್ಲ. ಬರ್ಕೊಳ್ಳಿ, ಇದನ್ನ ಬರ್ಕೊಳ್ಳಿ!”