ಅರವತ್ತಮೂರು ಪೆಟ್ಟಿಗೆ, ಒಂದು ಗುರುತಿಲ್ಲದ ಕೈಬರಹ

ಮೊಂತೆವಿದೇವೊದ ಪತ್ರಾಗಾರದಲ್ಲಿ ಮೂವತ್ತೊಂದು ವರ್ಷ ಧೂಳು ಕುಡಿದವನು ನಾನು. ಒಂದು ಹಾಳೆಯನ್ನು ಮೂಗಿನ ಹತ್ತಿರ ತಂದರೆ ಸಾಕು. ಬರೆದವರು ಯಾರು, ಅಂದು ಏನು ಉಂಡಿದ್ದರು, ಮನೆಯಲ್ಲಿ ಮಾತು ಬಿಟ್ಟಿದ್ದರೋ ಇಲ್ಲವೋ, ಎಲ್ಲವನ್ನೂ ಹೇಳಬಲ್ಲೆ.

ಹಾಗಾಗಿಯೇ ದೊನ್ ಫಾಕುಂದೋ ಬಸಾನ್ಯೆಸ್ ಅವರ ಕಾಗದಗಳು ನನ್ನ ಪಾಲಿಗೆ ಬಂದವು. 'ಲಾ ಬಾಲಿಸಾ' ಪತ್ರಿಕೆಯ ರಾಜಕೀಯ ಸಂಪಾದಕರು ಅವರು. ಅವರು ಕೆಮ್ಮಿದರೆ ಮಂತ್ರಿಗಳು ಹಾಸಿಗೆ ಹಿಡಿಯುತ್ತಿದ್ದರು, ಸೀನಿದರೆ ಸರ್ಕಾರವೇ ಬೀಳುತ್ತಿತ್ತು. ಅವರು ತೀರಿಕೊಂಡ ಮೇಲೆ ಬಂದ ಪೆಟ್ಟಿಗೆಗಳು ಅರವತ್ತಮೂರು. ಕರಡುಗಳ ತುಂಬ ಅವರದಲ್ಲದ ಒಂದು ಓರೆ ಬರಹ: 'ಇದು ಸುಳ್ಳು. ಮಂತ್ರಿ ಆ ದಿನ ಪೈಸಾಂದೂದಲ್ಲಿದ್ದ.' ಕೆಲವು ಲೇಖನಗಳಂತೂ ಮೊದಲಿಂದ ಕೊನೆಯವರೆಗೆ ಅದೇ ಕೈಯವು. ಮೂಸಿದೆ, ಮತ್ತೆ ಮೂಸಿದೆ, ನೆಗಡಿಯಾಯಿತು. ಪಟ್ಟಿಯಲ್ಲಿ 'ಗುರುತಿಲ್ಲದ ಕೈಬರಹ' ಎಂದು ಇನ್ನೂರ ಹದಿನಾಲ್ಕು ಸಲ ಬರೆದೆ.

ಪಟ್ಟಿಯ ಒಂದು ಪ್ರತಿ ಎರಡು ವಾರದಿಂದ ಪತ್ರಾಗಾರದ ಬಾಗಿಲಲ್ಲಿ ತೂಗುತ್ತಿತ್ತು, ಶುಕ್ರವಾರ ಅದು ಅಚ್ಚಿಗೆ ಹೋಗಬೇಕಿತ್ತು. ಮಂಗಳವಾರ ನೆಲಿದಾ ಸುಬಿಯಾ ಬಂದಳು. ಎಂಬತ್ತೆರಡು ವರ್ಷ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ದರ್ಜಿಯ ಮಗಳು, ಹತ್ತೊಂಬತ್ತಕ್ಕೆ ಪತ್ರಿಕೆಯಲ್ಲಿ ಬೆರಳಚ್ಚಿಗೆ ಕೂತವಳು. ಸೈನಿಕರು ಪತ್ರಿಕೆ ಮುಚ್ಚಿಸಿದಾಗ ಈ ಕಾಗದಗಳನ್ನೆಲ್ಲ ಅಪ್ಪನ ಅಂಗಡಿಯ ಕೋಟುಗಳ ಒಳಪದರದಲ್ಲಿಟ್ಟು ಹೊಲಿದವಳು. ಆ ಚಳಿಗಾಲ ಅವರ ಬೀದಿಯ ಗಂಡಸರೆಲ್ಲ ದಪ್ಪಗಾಗಿದ್ದರು, ನಡೆದರೆ ಪರಪರ ಸದ್ದು ಬರುತ್ತಿತ್ತು. ಇಪ್ಪತ್ತು ವರ್ಷ ನಾನೂ ಅವಳೂ ಒಂದೇ ಕೊಳವೆಯಲ್ಲಿ 'ಮಾತೇ' ಎಂಬ ಎಲೆಯ ಕಷಾಯ ಹೀರಿದ್ದೇವೆ.

"ಲೋ ಡುಮ್ಮ, ನಿನ್ನ ಪಟ್ಟಿ ನೋಡ್ದೆ. ನಾನು ಯಾವಾಗ ಗುರುತಿಲ್ಲದೋಳಾದೆ?"

"ಅದು ನಿನ್ನ ಬರಹ ಅಂತ ನಂಗೇನು ಕನಸು ಬಿದ್ದಿತ್ತಾ? ನೀನು ಟೈಪ್ ಹೊಡೀತಿದ್ದೋಳು."

"ಹೊಡೀತಿದ್ದೆ. ಹೊಡೆಯೋಕೆ ಮುಂಚೆ ಓದ್ತಿದ್ದೆ. ನೀನು ಮೂಸೋದು ಬಿಟ್ಟು ಒಂದಿನ ಓದಿ ನೋಡು."

ಕರಡುಗಳ ಒಂದು ಪೆಟ್ಟಿಗೆ ಹೊತ್ತು ಅವಳ ಹಿಂದೆ ನಡೆದೆ. ಪತ್ರಾಗಾರದ ನಿರ್ದೇಶಕ ಡಾಕ್ಟರ್ ಇರುರೇತಾ ತನ್ನ ಕೋಣೆಯಲ್ಲಿ ಹೆಬ್ಬೆರಳು ಚೀಪುತ್ತ ಕೂತಿದ್ದ. ಆ ಕೈಬರಹ ತನ್ನದೆಂದು ಹಿಂದಿನ ವಾರ ಅವಳು ಟೈಪ್ ಹೊಡೆದು ಕಳಿಸಿದ್ದ ನಾಲ್ಕು ಹಾಳೆಯ ಅರ್ಜಿಯನ್ನು ಆಗಷ್ಟೇ ಕೈಗೆತ್ತಿಕೊಂಡಿದ್ದ. ಅದಕ್ಕೆ ಚುಚ್ಚಿದ್ದ ಗುಂಡುಸೂಜಿ ಅವನಿಗೂ ಚುಚ್ಚಿತ್ತು.

"ದೋನ್ಯಾ ನೆಲಿದಾ, ಹೇಳಿದ್ದನ್ನೆಲ್ಲ ನಂಬೋಕಾಗುತ್ತಾ? ಬರೆದು ತೋರಿಸಿ ಅಂದ್ರೆ ನಿಮ್ಮ ಕೈ ನಡುಗುತ್ತೆ."

"ಕೈ ನಡುಗುತ್ತೆ ಡಾಕ್ಟ್ರೇ, ಬಾಯಿ ನಡುಗಲ್ಲ. ಡುಮ್ಮ, ಆ ಕರಡುಗಳ ಸೂಜಿಗಳೆಲ್ಲಿ?"

ತುಕ್ಕು ಹಿಡಿದ ಸೂಜಿ ಕಾಗದವನ್ನು ತಿನ್ನುತ್ತದೆಂದು ಒಂದೊಂದನ್ನೂ ಕಿತ್ತವನು ನಾನೇ. ಕಿತ್ತ ಕಬ್ಬಿಣದಲ್ಲಿ ಒಂದು ಹಡಗು ಕಟ್ಟಬಹುದಿತ್ತು.

"ಎಸೆದೆ," ಅಂದೆ.

"ಸೂಜಿ ಎಸೆದೆ, ತೂತು ಎಸೆಯೋಕಾಗಲಿಲ್ಲವಲ್ಲ. ಕಿಟಕಿ ಹತ್ರ ಹಿಡಿ."

ಒಂದು ಕರಡನ್ನು ಬೆಳಕಿಗೆ ಹಿಡಿದೆ. ಎಲ್ಲರೂ ಕಾಗದ ಚುಚ್ಚುವುದು ಎಡಮೂಲೆಗೆ. ಇಲ್ಲಿ ಬಲಮೂಲೆಯಲ್ಲಿ ನಾಲ್ಕು ತೂತು, ಎರಡು ಸೂಜಿ ಅಡ್ಡಡ್ಡ ಚುಚ್ಚಿದ ಗುರುತು. ಇನ್ನೊಂದರಲ್ಲೂ ಹಾಗೆಯೇ. ಓರೆ ಬರಹದ ಹತ್ತು ಕರಡು ತೆಗೆದರೆ ಹತ್ತರಲ್ಲೂ ಅದೇ. ಡಾಕ್ಟರನ ಮೇಜಿನ ಮೇಲಿದ್ದ ಅರ್ಜಿಯಲ್ಲೂ ಸೂಜಿಗಳೆರಡು ಬಲಮೂಲೆಯಲ್ಲೇ ಅಡ್ಡಡ್ಡ ಕೂತಿದ್ದವು.

"ನಾನು ಎಡಚಿ," ಅಂದಳು. "ಶಾಲೇಲಿ ಸಿಸ್ಟರುಗಳು ಆ ಕೈ ಕಟ್ಟಿಹಾಕಿದ್ರು. ಅಪ್ಪ ಬಿಚ್ಚಿ ಸೂಜಿ ಕೊಟ್ಟ."

ಇರುರೇತಾ ಅರ್ಜಿಯನ್ನು ಕರಡಿನ ಮೇಲಿಟ್ಟು ತೂತುಗಳನ್ನು ತಾಳೆ ನೋಡಿದ. "ಸರಿ. 'ಸಹಾಯಕಿ, ನೆಲಿದಾ ಸುಬಿಯಾ' ಅಂತ ಕೆಳಗೊಂದು ಸಾಲು ಹಾಕ್ಸೋಣ."

"ಬೇಡ. ನಾನು ತಿದ್ದಿದ ಕಡೆ 'ತಿದ್ದಿದ್ದು ನೆಲಿದಾ'. ನಾನು ಬರೆದ ಕಡೆ 'ಬರೆದದ್ದು ನೆಲಿದಾ'. ಇನ್ನೂರ ಹದಿನಾಲ್ಕು ಸಲ."

"ಹಾಗೆ ಹಾಕಿದ್ರೆ ದೊನ್ ಫಾಕುಂದೋ ಹೆಸರು ಏನಾಗಬೇಕು ಹೇಳಿ?"

ನೆಲಿದಾ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಕೇಳದೆಯೇ ಕುರ್ಚಿ ಎಳೆದು ಕೂತಳು.

"ಅವರ ಹೆಸರು ಮೂವತ್ತೆಂಟು ವರ್ಷ ದಿನಾ ಬೆಳಿಗ್ಗೆ ಅಚ್ಚಾಗಿದೆ. ನಂದು ಒಂದು ಸಲ ಅಚ್ಚಾದ್ರೆ ಅವರದು ಬಿದ್ದುಹೋಗೋದಾದ್ರೆ, ಅಷ್ಟು ದಿನ ಅದನ್ನ ಹಿಡ್ಕೊಂಡು ನಿಂತಿದ್ದೋಳು ನಾನೇ ಅಂತ ಅದನ್ನೂ ಸೇರಿಸಿ ಬರೀರಿ."