ಅಣ್ಣ ಮಾತಾಡಿದನೇ?

ಯಾರೂ ಆಡದ ಮಾತು ಕೇಳಿಸಿತು ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ; ವಾರ ಕಳೆಯುವುದರೊಳಗೆ ಅದು ತನಗೆ ಬೇಕಾದ್ದನ್ನು ಸೇರಿಸಿಕೊಂಡಿರುತ್ತದೆ. ಅದಕ್ಕೇ ಇದನ್ನು ಅದೇ ಮಧ್ಯಾಹ್ನ ಡೈರಿಯಲ್ಲಿ ಬರೆದಿಟ್ಟೆ. ಅದನ್ನು ನೋಡಿಕೊಂಡೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲಿನ ಜತೆ ಮಾತೂ ಹೋಯಿತು. ಚಿಕಿತ್ಸೆಗೆಂದು ಅವನೂ ಅತ್ತಿಗೆಯೂ ಬಳ್ಳಾರಿಗೆ, ಕೌಲ್ ಬಜಾರಿನ ನಮ್ಮ ಮನೆಗೆ ಬಂದರು. ಒಂದು ಮಾತು ಬಂದರೆ ಉಳಿದದ್ದೂ ಬಂದೀತು ಎಂದಿದ್ದರು ಡಾಕ್ಟರು. ಐದು ತಿಂಗಳಾದರೂ ಆ ಒಂದು ಬಂದಿರಲಿಲ್ಲ. ರಾತ್ರಿ ಅತ್ತಿಗೆ, ಹಗಲು ನಾನು. ಇಬ್ಬರಿಗೂ ನಿದ್ದೆ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಅವನನ್ನು ಗಾಲಿಕುರ್ಚಿಯಲ್ಲಿ ಪಾರ್ಕಿಗೆ ಒಯ್ಯುತ್ತಿದ್ದೆ. ಬೇಲಿಯ ಪೊದೆಯಿಂದ ಒಂದು ಗೌಜಲಹಕ್ಕಿ ಹೊರಬಂದು ಅವನ ಕಾಲಿನಿಂದ ಮಾರು ದೂರದಲ್ಲಿ ಮಣ್ಣು ಕೆದರುತ್ತಿತ್ತು. ಮನುಷ್ಯರ ನೆರಳು ಕಂಡರೆ ಓಡುವ ಹಕ್ಕಿ ಅದು.

“ಹಾಜರಿ ಹಾಕಾಕ ಬಂತು ನೋಡ್ರಿ. ನಿಮ್ಮಣ್ಣಾರೇ ಇದಕ್ಕ ಹೆಡ್‌ಮಾಸ್ತರು,” ಎಂದು ಪಾರ್ಕು ಗುಡಿಸುವ ಹುಸೇನಪ್ಪ ನಗುತ್ತಿದ್ದ.

ಆ ದಿನ ಹಕ್ಕಿ ಇನ್ನೂ ಬಂದಿರಲಿಲ್ಲ. ಅಣ್ಣನ ಎದುರು ಕೂತು ಟವೆಲ್ಲಿನಿಂದ ಅವನ ಜೊಲ್ಲು ಒರೆಸುತ್ತಾ, ದಣಿವಿಗೋ ಸಿಟ್ಟಿಗೋ, “ಮಾತಾಡಣ್ಣ, ಒಂದರ ಮಾತಾಡು” ಎಂದು ಗೋಗರೆಯುತ್ತಿದ್ದೆ.

“ಸುಮ್ಕಿರಲೇ, ಬರ್ತೈತಿ.”

ಅಣ್ಣನದೇ ದನಿ. ಹುಡುಗರಾಗಿದ್ದಾಗ ಕುರುಗೋಡಿನ ಗುಡ್ಡದಲ್ಲಿ ಗೌಜಲಕ್ಕೆ ಉರುಲು ಒಡ್ಡಿ ಕೂತರೆ ಹೀಗೇ ನನ್ನನ್ನು ಗದರುತ್ತಿದ್ದ. ಮರುಕ್ಷಣ ಪೊದೆ ಅಲುಗಿ ಹಕ್ಕಿ ಹೊರಬಂತು.

ಆದರೆ ಆ ಮಾತು ಕೇಳಿಸಿದಾಗ ನನ್ನ ಕೈಯ ಟವೆಲ್ಲು ಅಣ್ಣನ ತುಟಿಯ ಮೇಲೇ ಇತ್ತು. ತುಟಿ ಅಲುಗಿರಲಿಲ್ಲ.

ಹುಸೇನಪ್ಪ ಪೊರಕೆ ಬಿಸಾಕಿ ಓಡಿಬಂದ. “ಅಣ್ಣಾರು ಮಾತಾಡಿದ್ರಲ್ರೀ!”

ದಣಿದ ತಲೆಯ ಭ್ರಮೆ ಎಂದರೆ ಅವನಿಗೆ ಕೇಳಿಸಿದ್ದು ಹೇಗೆ? ನನಗೇ ಅರಿವಿಲ್ಲದೆ ನಾನೇ ಅಂದೆನೇ? ಗೊತ್ತಿಲ್ಲ.

ನಾನು ಬೇಡವೆಂದರೂ ಹುಸೇನಪ್ಪ ಮನೆತನಕ ಬಂದು ಅತ್ತಿಗೆಗೆ ಸುದ್ದಿ ಹೇಳಿದ. ಅವರು ನನ್ನ ತೋಳು ಹಿಡಿದುಕೊಂಡರು.

“ಖರೇ ಹೇಳಪ್ಪ, ನಿನಗೂ ಕೇಳಿಸ್ತಾ?”

“ಕೇಳಿಸ್ತು ಅತ್ತಿಗಿ,” ಎಂದೆ. ಸುಳ್ಳಲ್ಲ. ಅವತ್ತು ಎಷ್ಟೋ ದಿನಗಳ ಮೇಲೆ ಅವರು ಊಟ ಮಾಡಿ ಮಧ್ಯಾಹ್ನವಿಡೀ ಮಲಗಿದರು.

ಅಣ್ಣ ಇಂದಿಗೂ ಮಾತಾಡಿಲ್ಲ. ಒಮ್ಮೆ ಬಂದ ಮಾತು ಮತ್ತೊಮ್ಮೆ ಬಾರದೇ ಎಂದು ಅತ್ತಿಗೆ ಅವನ ಬಾಯಿ ನೋಡುತ್ತಾ ಕೂರುತ್ತಾರೆ. ಟವೆಲ್ಲಿನ ವಿಷಯ ಡೈರಿಯಲ್ಲಿದೆ. ಅವರಿಗೆ ಹೇಳಿಲ್ಲ.