ಮಕಾವ್‌ಗೆ ಹೋಗಿ ಬಂದ ಓರಗಿತ್ತಿ

ಸ್ನೇಹಿತರೇ, ಮಕಾವ್‌ನಿಂದ ಬಂದ ಚಾಕಲೇಟು ತಿನ್ನುತ್ತ ಇದನ್ನು ಬರೆಯುತ್ತಿದ್ದೇನೆ. ಸಿದ್ದಾಪುರದಲ್ಲಿರುವ ನನ್ನ ಓರಗಿತ್ತಿ ಸುಮಾ ಈ ರಜೆಯಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಜೂಜಿಗೇ ಹೆಸರಾದ ಊರದು. ನಾವು ಹೋಗಿದ್ದು ಯಲ್ಲಾಪುರದ ಮಾಗೋಡು ಜಲಪಾತಕ್ಕೆ, ಊಟದ ಹೊತ್ತಿಗೆ ವಾಪಸು. ದಿನವೂ ಅವಳ ಸ್ಟೇಟಸ್ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ನೆಂಟರ ಹತ್ತಿರ ಮಾತ್ರ, "ಮಕ್ಕಳನ್ನ ಜೂಜಿನ ಊರಿಗೆ ಕರ್ಕಂಡು ಹೋಪದಾ?" ಎಂದು ಸಂಸ್ಕಾರದ ಮಾತಾಡಿದ್ದೆ.

ಇವತ್ತು ಅಮ್ಮ ಮಗಳು ಶಿರಸಿಯ ನಮ್ಮ ಮನೆಗೆ ಬಂದರು. ಸುಮಾ ಒಳಗೆ ಹೋದದ್ದೇ ತಡ, ಏಳು ವರ್ಷದ ಮಗಳನ್ನು ಹಿಡಿದು ಕೂರಿಸಿ ಕೇಳಿದೆ, "ಅಲ್ಲಿ ಜೂಜಾಡದು ನೋಡಿದ್ಯನೇ ಕೂಸೇ?"

"ಇಲ್ಲೆ ದೊಡ್ಡಾಯಿ. ಮಕ್ಕಳನ್ನ ಆ ಬದಿಗೇ ಬಿಡ್ತ್ವಿಲ್ಲೆ."

ನನಗೆ ಬೇಸರವೇ ಆಯಿತು. ಅಷ್ಟರಲ್ಲಿ ಜಗಲಿಯಿಂದ ಮಾವನವರ ದನಿ ಬಂತು, "ಒಂದು ಜನ ಕಮ್ಮಿ ಆತು, ಕೂಸನ್ನ ಕಳಸು."

ನಮ್ಮನೆಯಲ್ಲಿ ನಾಲ್ಕು ಜನ ಸೇರಿದರೆ ಕಂಬಳಿ ಹಾಸಿ ಇಸ್ಪೀಟಿಗೆ ಕೂರುವುದು ರೂಢಿ. ಪಣಕ್ಕೆ ಹುಣಸೆಬೀಜ. ಪ್ರತಿವರ್ಷ ಬೀಜ ತೊಳೆದು ಒಣಗಿಸಿ ಡಬ್ಬಿ ತುಂಬಿಡುವವಳು ನಾನೇ.

ಕೂಸು ಎಲೆ ಹಿಡಿದು ಕೂತಿತು. ಹೊರಗೆ ಬಂದ ಸುಮಾ ಅದನ್ನು ನೋಡಿ ಮೆತ್ತಗೆ ಹೇಳಿದಳು, "ಅಕ್ಕಾ, ಜೂಜು ತೋರ್ಸಲೆ ಅಷ್ಟು ದೂರ ಎಂತಕ್ಕೆ ಹೋಗಕ್ಕಾಗಿತ್ತು? ಇಲ್ಲಿಗೇ ಬಂದಿದ್ರೆ ಆಗ್ತಿತ್ತು."

ನನ್ನ ಮಾತು ಸಿದ್ದಾಪುರ ಮುಟ್ಟಿತ್ತು ಅಂತಾಯಿತು.

ಸಂಜೆ ಹೊರಡುವಾಗ ಕೂಸು ಡಬ್ಬಿಯಲ್ಲಿದ್ದದ್ದನ್ನೆಲ್ಲ ಗೆದ್ದು ಕಟ್ಟಿಕೊಂಡು ಹೋಯಿತು. ಈಗ ನನಗೆ ಮಕಾವೂ ಇಲ್ಲ, ಹುಣಸೆಬೀಜವೂ ಇಲ್ಲ.